ದಿನಧ್ಯಾನದ ಪುಸ್ತಕ ಮಾಡುವಾಗ ಅನುಮಾನದ ಪುಟಗಳನ್ನು ತೆಗೆಯಬೇಕಾ?

ಬೆಟಗೇರಿ ಟೀಚರ್

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ನಾನು ನಿವೃತ್ತ ಪ್ರಾಥಮಿಕ ಶಾಲೆ ಶಿಕ್ಷಕಿ. ನಮ್ಮ ಮನೆಯವರಿಗೆ ಕಿಡ್ನಿ ತೊಂದರೆ ಇತ್ತು. ಮೂರು ವರ್ಷ ನಾಲ್ಕು ತಿಂಗಳು ಡಯಾಲಿಸಿಸ್ ಆಯಿತು. ವಾರಕ್ಕೆ ಎರಡು ಸಲ ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ರಾತ್ರಿ ವಾಪಸ್ ಬರುತ್ತಿದ್ದೆವು. ಹೋದ ವರ್ಷ ಅವರು ಕರ್ತನ ಬಳಿ ಸೇರಿದರು.

ಆ ದಿನಗಳಲ್ಲಿ ನಾನು ದಿನಾ ಬೆಳಿಗ್ಗೆ ಒಂದು ವಚನ ಓದಿ ಅದರ ಕೆಳಗೆ ನಾಲ್ಕು ಸಾಲು ಬರೆಯುತ್ತಿದ್ದೆ. ಒಂಬತ್ತು ಉದ್ದ ನೋಟ್‌ಬುಕ್ ತುಂಬಿವೆ. ನಮ್ಮ ಸಭೆಯ ಹೆಂಗಸರ ಕೂಟದಲ್ಲಿ ಒಂದೆರಡು ಪುಟ ಓದಿದೆ. ಪುಸ್ತಕ ಮಾಡ್ರಿ ಅಂತ ಎಲ್ಲರೂ ಗಂಟುಬಿದ್ದರು.

ಒಂದು ಸಣ್ಣ ಪ್ರಕಾಶನಕ್ಕೆ ಕಳಿಸಿದೆ. ಅವರು ಓದಿ ಹೀಗೆ ಹೇಳಿದರು: ಚೆನ್ನಾಗಿದೆ, ಆದರೆ ಪ್ರತಿ ಪುಟ ಜಯದ ಮಾತಿನಿಂದ ಮುಗಿಯಬೇಕು. ಅನುಮಾನ, ಸಿಟ್ಟು, "ದೇವರೇ ಎಲ್ಲಿದ್ದೀ" ಅನ್ನುವಂಥದ್ದೆಲ್ಲ ತೆಗೆಯಿರಿ. ಮನೆ ವಿಷಯ ಕಡಿಮೆ ಮಾಡಿ ಬೋಧನೆ ಜಾಸ್ತಿ ಮಾಡಿ.

ಒಂದು ವಾರ ಕೂತು ತಿದ್ದಿದೆ. ತಿದ್ದಿದ ಮೇಲೆ ಓದಿದರೆ ಅದು ನನ್ನದು ಅಂತ ಅನಿಸಲಿಲ್ಲ. ಆದರೆ ಅವರ ಮಾತೂ ಪೂರ್ತಿ ತಪ್ಪಲ್ಲವೇನೋ ಅಂತ ಭಯ. ನನ್ನ ಪುಟ ಓದಿ ಯಾರದಾದರೂ ವಿಶ್ವಾಸ ಸಡಿಲವಾದರೆ? ಬಲ್ಲವರು ಹೇಳಿ.

ಸಂಡೇ ಸ್ಕೂಲ್ ಅಕ್ಕ

ತೆಗೆಯಬೇಡಿ ಟೀಚರ್. ಒಂದು ಸಾಲೂ ತೆಗೆಯಬೇಡಿ.

ಸುವಾರ್ತೆ ಸೇವಕ

ಟೀಚರಮ್ಮ, ನಿಮ್ಮ ದುಃಖಕ್ಕೆ ನನ್ನ ಪ್ರಾರ್ಥನೆ ಇದೆ. ಆದರೂ ಆ ಪ್ರಕಾಶನದವರ ಮಾತನ್ನು ಸುಮ್ನೆ ತಳ್ಳಿಹಾಕಬಾರದು. ನಾನು 22 ವರ್ಷದಿಂದ ಸಭೆ ನೋಡಿಕೊಳ್ಳುತ್ತಿದ್ದೇನೆ. ದಿನಧ್ಯಾನದ ಪುಸ್ತಕವನ್ನು ಯಾರೂ ಕಾದಂಬರಿ ಓದಿದ ಹಾಗೆ ಮೊದಲಿಂದ ಕೊನೆವರೆಗೆ ಓದುವುದಿಲ್ಲ. ದಿನಕ್ಕೆ ಒಂದು ಪುಟ. ಆ ಪುಟವೇ ಅವರ ಆ ದಿನದ ಊಟ. ಯಾರೋ ಒಬ್ಬಳು ಆಸ್ಪತ್ರೆಯಲ್ಲಿ ಕೂತು ಅವತ್ತಿನ ಪುಟ ತೆಗೆಯುತ್ತಾಳೆ, ಅಲ್ಲಿ "ದೇವರು ಇವತ್ತು ಮಾತಾಡಲಿಲ್ಲ" ಅಂತಿದ್ದರೆ ಆಕೆ ಏನು ತಿನ್ನಬೇಕು? ಮುಂದಿನ ವಾರದ ಪುಟದಲ್ಲಿ ಸಮಾಧಾನ ಇದ್ದರೂ ಅವಳಿಗೆ ಅವತ್ತು ಸಿಗುವುದಿಲ್ಲ.

ಹಳೇ ಪುಸ್ತಕ

ಸೇವಕರೇ, ಬೈಬಲ್ಲಿನ ಕೀರ್ತನೆ 88 ನೋಡಿ. ಮೊದಲಿಂದ ಕೊನೆವರೆಗೆ ಗೋಳು. ಕೊನೆಯ ಮಾತೇ ಕತ್ತಲೆ. ಅದಕ್ಕೆ ಯಾರೂ ಜಯದ ಸಾಲು ಸೇರಿಸಲಿಲ್ಲ, ಸತ್ಯವೇದದಿಂದ ತೆಗೆಯಲೂ ಇಲ್ಲ.

ಸುವಾರ್ತೆ ಸೇವಕ

150ರಲ್ಲಿ ಅಂಥದ್ದು ಒಂದು. ಉಳಿದ ಗೋಳಿನ ಕೀರ್ತನೆಗಳು ಬಹುಮಟ್ಟಿಗೆ ಕೊನೆಯಲ್ಲಿ ತಿರುಗುತ್ತವೆ. 13 ತೆಗೆದು ನೋಡಿ, ಎಷ್ಟು ಕಾಲ ನನ್ನನ್ನು ಮರೆಯುವಿ ಅಂತ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. ಆ ಅಳತೆಯನ್ನು ಇಟ್ಟುಕೊಳ್ಳಿ ಅಂತಷ್ಟೇ ನಾನು ಹೇಳುವುದು.

ಮೈಸೂರಿನ ಓದುಗ

ನನ್ನದು ಬೇರೆ ಪ್ರಶ್ನೆ. ಪ್ರಾರ್ಥನೆ ಮಾಡುವಾಗ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೋ ಅಂತ ಮತ್ತಾಯ 6ರಲ್ಲಿ ಕರ್ತನೇ ಹೇಳಿದ್ದಾನೆ. ಬಾಗಿಲು ಮುಚ್ಚಿ ಮಾಡಿದ್ದನ್ನು ಸಾವಿರ ಪ್ರತಿ ಅಚ್ಚು ಹಾಕಿಸಿ ಹಂಚುವುದು ಸರಿಯಾ? ಟೀಚರ್ ಅವರನ್ನು ನೋಯಿಸಲು ಕೇಳುತ್ತಿಲ್ಲ. ನಾನೂ ಬರೆದು ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಇದೇ ಕಾರಣಕ್ಕೆ.

ಕುಡ್ಲದ ಹುಡುಗಿ

ಅಣ್ಣಾ, ಇದಕ್ಕೆ ನನಗೆ ಇಷ್ಟವಾದ ಒಂದು ಉದಾಹರಣೆ ಇದೆ. 17ನೇ ಶತಮಾನದಲ್ಲಿ ಪ್ಯಾರಿಸ್‌ನ ಕಾರ್ಮೆಲ್ ಮಠದಲ್ಲಿ ಬ್ರದರ್ ಲಾರೆನ್ಸ್ ಅಂತ ಒಬ್ಬರಿದ್ದರು. ಗುರುಗಳಲ್ಲ, ಓದಿದವರಲ್ಲ. ಅಡುಗೆಮನೆ ಕೆಲಸ, ವಯಸ್ಸಾದ ಮೇಲೆ ಚಪ್ಪಲಿ ಹೊಲಿಯುವ ಕೆಲಸ. ಪಾತ್ರೆ ತೊಳೆಯುವಾಗಲೂ ದೇವರ ಜೊತೆಗೇ ಇರುವುದು ಹೇಗೆ ಅಂತ ಕೆಲವರಿಗೆ ಕಾಗದ ಬರೆದರು. ಒಂದು ಕಾಗದದಲ್ಲಂತೂ ಇದನ್ನು ಯಾರಿಗೂ ತೋರಿಸಬೇಡಿ ಅಂತಲೇ ಕೇಳಿಕೊಂಡಿದ್ದಾರೆ. 1691ರಲ್ಲಿ ಅವರು ತೀರಿಕೊಂಡ ಮೇಲೆ ಅದೆಲ್ಲ ಅಚ್ಚಾಯಿತು. ಇವತ್ತಿಗೂ ಜನ ಓದುತ್ತಾರೆ. ನಮ್ಮ ಅಜ್ಜಿಯ ತಲೆದಿಂಬಿನ ಕೆಳಗೆ ಅದರದೊಂದು ಹಳೇ ಪ್ರತಿ ಇತ್ತು.

ಮೈಸೂರಿನ ಓದುಗ

ನೋಡಿ ತಂಗಿ, ಬೇಡ ಅಂದವರ ಮಾತು ಮೀರಿ ಅಚ್ಚು ಹಾಕಿದ್ದಲ್ವಾ? ನನ್ನ ಪ್ರಶ್ನೆ ಹಾಗೇ ಉಳಿಯಿತು.

ಕುಡ್ಲದ ಹುಡುಗಿ

ಹೌದು, ಉಳಿಯಿತು. ಆದರೆ ಆ ಕಾಗದ ಯಾರಿಗೂ ಸಿಗದೆ ಹೋಗಿದ್ದರೆ ಅಂತ ಯೋಚಿಸಿ. ಮತ್ತೆ ಮತ್ತಾಯದ ಆ ಮಾತು ಇರುವುದು ಬೀದಿಯ ಮೂಲೆಯಲ್ಲಿ ನಿಂತು ಜನ ನೋಡಲಿ ಅಂತ ಪ್ರಾರ್ಥಿಸುವವರ ಬಗ್ಗೆ. ಟೀಚರ್ ಬರೆದದ್ದು ಬೆಳಿಗ್ಗೆ ಒಬ್ಬರೇ ಕೂತು. ಜನಕ್ಕೆ ಅಂತ ಬರೆಯಲಿಲ್ಲ.

ಗಾಯಕರ ಬಳಗ

ಸಂತ ಆಗಸ್ಟೀನರು ಸುಮಾರು 397ರಿಂದ 400ರ ಹೊತ್ತಿಗೆ ಬರೆದ ಆತ್ಮನಿವೇದನೆ ಪೂರ್ತಿ ದೇವರ ಜೊತೆ ಮಾತಾಡಿದ ಹಾಗಿದೆ. ಅವರ ತಾಯಿ ಸಂತ ಮೋನಿಕಾ ತೀರಿಕೊಂಡ ಭಾಗ ಓದಿ. ಬಿಷಪರಾಗಿದ್ದವರು ಬರೆಯುತ್ತಾರೆ: ಅಳು ತಡೆದುಕೊಂಡೆ, ಸ್ನಾನ ಮಾಡಿದರೆ ದುಃಖ ಹೋಗುತ್ತದಂತೆ ಅಂತ ಸ್ನಾನ ಮಾಡಿದೆ, ಹೋಗಲಿಲ್ಲ, ಮಲಗಿ ಎದ್ದು ಆಮೇಲೆ ಅತ್ತೆ. ತಾಯಿಗಾಗಿ ಸ್ವಲ್ಪ ಹೊತ್ತು ಅತ್ತದ್ದು ಪಾಪ ಅನಿಸಿದರೆ ನನ್ನನ್ನು ನೋಡಿ ನಗಬೇಡಿ ಅಂತ ಓದುಗರನ್ನು ಕೇಳಿಕೊಳ್ಳುತ್ತಾರೆ. 1600 ವರ್ಷ ಆಯಿತು. ಆ ಸ್ನಾನದ ಸಾಲನ್ನು ಯಾರೂ ತೆಗೆಯಲಿಲ್ಲ.

ಬೆಟಗೇರಿ ಟೀಚರ್

ಸ್ನಾನದ ಮಾತು ಓದಿ ಕಣ್ಣಲ್ಲಿ ನೀರು ಬಂತು. ನನಗೂ ಹಾಗೇ ಆಗಿತ್ತು.

ಧಾರವಾಡ ಸೊಸೆ

ಟೀಚರ್, ಒಂದು ಪುಟ ಇಲ್ಲಿ ಹಾಕ್ರಿ. ನಾವು ಓದದೇ ವಾದ ಮಾಡಿದರೆ ಏನು ಉಪಯೋಗ?

ದುಬೈನಿಂದ

ಹೌದು, ಒಂದು ಪುಟ ಪ್ಲೀಸ್.

ಬೆಟಗೇರಿ ಟೀಚರ್

ಎರಡನೇ ನೋಟ್‌ಬುಕ್ಕಿನದು. ಇದ್ದ ಹಾಗೇ ಟೈಪ್ ಮಾಡಿದ್ದೇನೆ. ತೆಗೆಯಿರಿ ಅಂತ ಅವರು ಕೆಂಪು ಗೆರೆ ಹಾಕಿದ್ದು ಇದಕ್ಕೇ.

"ಮಂಗಳವಾರ. ಕೀರ್ತನೆ 121. ಬೆಳಿಗ್ಗೆ 4:20. ಬಸ್ಸಿಗೆ ಇನ್ನೂ ಒಂದು ತಾಸು ಇದೆ. ಬುತ್ತಿಗೆ ನಾಲ್ಕು ರೊಟ್ಟಿ ಬಡಿದೆ. ನೀನು ತೂಕಡಿಸುವುದಿಲ್ಲ ಎಂದು ಬರೆದಿದೆ. ನಾನು ಹಂಚಿನ ಮುಂದೆ ತೂಕಡಿಸಿ ಕೈ ಸುಟ್ಟುಕೊಂಡೆ. ಇಡೀ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಹೇಳಿದ್ದಾರೆ. ರಾತ್ರಿ ಇವರು ಇನ್ನೊಂದು ಗುಟುಕು ಕೇಳಿದರು. ನಾನು ಕೊಡಲಿಲ್ಲ. ಲೋಟ ತೆಗೆದು ಅಡುಗೆಮನೆಗೆ ಇಟ್ಟು ಬಂದೆ. ಕರ್ತನೇ, ಶಿಲುಬೆಯ ಮೇಲೆ ನೀನೂ ನೀರಡಿಕೆ ಅಂದೆ. ನಿನ್ನ ತಾಯಿ ಅಲ್ಲೇ ನಿಂತಿದ್ದಳು. ಆಕೆಯ ಕೈಯಲ್ಲೂ ನೀರು ಕೊಡಲಾಗಲಿಲ್ಲ. ಆಕೆಗೆ ಏನನಿಸಿತು ಎಂದು ಯಾರೂ ಬರೆಯಲಿಲ್ಲ. ಇವತ್ತು ನನಗೆ ಆಕೆಯ ಪಕ್ಕದಲ್ಲಿ ಜಾಗ ಕೊಡು. ಬೇರೆ ಏನೂ ಕೇಳಲು ಬರುತ್ತಿಲ್ಲ."

ಸಂಡೇ ಸ್ಕೂಲ್ ಅಕ್ಕ

ಎರಡು ಸಲ ಓದಿದೆ. ಮಾತು ಬರುತ್ತಿಲ್ಲ.

ಧಾರವಾಡ ಸೊಸೆ

ನಮ್ಮ ಮಾವನವರಿಗೂ ಡಯಾಲಿಸಿಸ್ ನಡೆಯುತ್ತಿದೆ. ಅಳತೆ ಮೀರಿ ನೀರು ಕುಡಿದರೆ ಕಾಲು ಬಾತುಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಅವರು ನಲ್ಲಿ ಹತ್ತಿರ ಹೋದರೆ ನಾನು ಹಿಂದೆ ಹೋಗುತ್ತೇನೆ. ಪೊಲೀಸ್ ಅಂತ ಬೈಯುತ್ತಾರೆ. ನೀರು ಬೇಡ ಅನ್ನುವುದನ್ನೂ ದೇವರ ಮುಂದೆ ಇಟ್ಟು ಹೇಳಬಹುದು ಅಂತ ನನಗೆ ಇಷ್ಟು ದಿನ ಹೊಳೆದೇ ಇರಲಿಲ್ಲ. ಈ ಪುಟ ನನಗೆ ಇವತ್ತು ಸಿಕ್ಕಿತು. ಸೇವಕರೇ, ನೀವು ಕೇಳಿದಿರಲ್ಲ ಆಕೆ ಏನು ತಿನ್ನಬೇಕು ಅಂತ. ನನಗೆ ಇದೇ ಊಟ.

ಸುವಾರ್ತೆ ಸೇವಕ

ಅಮ್ಮ, ಸ್ವಲ್ಪ ಹೊತ್ತು ಉತ್ತರ ಬರೆಯಲಾಗಲಿಲ್ಲ. ಈ ಪುಟ ಅನುಮಾನದ ಪುಟವೇ ಅಲ್ಲ. ಇದು ಪ್ರಾರ್ಥನೆ. ಇದಕ್ಕೆ ಕೆಂಪು ಗೆರೆ ಹಾಕಿದವರು ಕೊನೆಯ ಎರಡು ಸಾಲು ಓದಲಿಲ್ಲ ಅನಿಸುತ್ತದೆ. ನನ್ನ ಮಾತನ್ನು ಪೂರ್ತಿ ವಾಪಸ್ ತೆಗೆದುಕೊಳ್ಳುತ್ತಿಲ್ಲ. ಎಲ್ಲ ಪುಟವೂ ಹೀಗಿರುವುದಿಲ್ಲ. ಸಿಟ್ಟಿನಲ್ಲೇ ನಿಂತುಹೋದ ಪುಟಗಳಿದ್ದರೆ ಅವುಗಳ ಬಗ್ಗೆ ಯೋಚಿಸಿ.

ಬೆಟಗೇರಿ ಟೀಚರ್

ಇವೆ ಅಯ್ಯನವರೇ. ಒಂದು ದಿನ ಬರೀ ವಚನ ಬರೆದು ಕೆಳಗೆ ಆಸ್ಪತ್ರೆಯ ಬಿಲ್ಲು ಅಂಟಿಸಿದ್ದೇನೆ. ಒಂದು ಅಕ್ಷರ ಬರೆದಿಲ್ಲ.

ಹಳೇ ಪುಸ್ತಕ

ಅದೂ ಇರಲಿ. ಮೇಲೆ ವಚನ ಇದೆಯಲ್ಲ, ಅವತ್ತಿನ ಊಟ ಅದೇ. ಬರೆದವರಿಗೆ ದೇವರಿಂದ ಸಿಗದ ಉತ್ತರವನ್ನು ಆಮೇಲೆ ಕೂತು ತಯಾರು ಮಾಡಬಾರದು, ಅಷ್ಟೇ ನನ್ನ ವಾದ. ಈಗಾಗಲೇ ಪೇಟೆಯಲ್ಲಿ ಬೇಕಾದಷ್ಟಿದೆ ಅಂಥದ್ದು. ಕನ್ನಡದ ಕ್ರೈಸ್ತ ಪುಸ್ತಕ ಅಂದರೆ ಅರ್ಧಕ್ಕರ್ಧ ಅನುವಾದ. ಯಾರದೋ ಊರಿನ ಹಿಮ, ಯಾರದೋ ತೋಟದ ಸೇಬು.

ದುಬೈನಿಂದ

ಮೊದಲಿಂದ ಹಾಗೇ ಅಲ್ವಾ? ಮಿಷನರಿಗಳು ತಂದಿದ್ದನ್ನು ನಮ್ಮವರು ಓದಿದರು. ಕಿಟ್ಟೆಲ್ ಒಂದು ನಿಘಂಟು ಮಾಡಿದರು, ಅದು ಬಿಟ್ಟರೆ ಏನಿದೆ?

ಹಳೇ ಪುಸ್ತಕ

ಅಲ್ಲ ಸ್ವಾಮಿ, ಇದನ್ನು ತಿದ್ದಲೇಬೇಕು. ನಿಘಂಟು ಬಂದದ್ದು 1894ರಲ್ಲಿ. ಅದಕ್ಕಿಂತ 32 ವರ್ಷ ಮೊದಲೇ, 1862ರಲ್ಲಿ, ಕಿಟ್ಟೆಲರು ಕಥಾಮಾಲೆ ಅಂತ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಪದ್ಯವಾಗಿ ಬರೆದಿದ್ದರು. ಹೊರಗಿಂದ ಬಂದವರು ಕೂಡ ಹಾಡಿ ಹೇಳುವುದು ಈ ನೆಲದ ದಾರಿ ಅಂತ ಕಂಡುಕೊಂಡರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರೆಸ್ ಶುರುವಾದದ್ದು 1841ರಲ್ಲಿ. ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವನ್ನು ಅದೇ ಮಿಷನ್ನಿನ ಮೊಗ್ಲಿಂಗ್ ಶುರು ಮಾಡಿದ್ದು 1843ರಲ್ಲಿ. ಇನ್ನೂ ಹಿಂದಕ್ಕೆ ಹೋದರೆ ಬಳ್ಳಾರಿಯಲ್ಲಿ ಮಿಷನರಿ ಜಾನ್ ಹ್ಯಾಂಡ್ಸ್ ಸತ್ಯವೇದದ ಅನುವಾದಕ್ಕೆ ಕೂತಿದ್ದರು. ಆಮೇಲೆ ಕ್ರೈಸ್ತರಲ್ಲದ ಮಂಜೇಶ್ವರ ಗೋವಿಂದ ಪೈಗಳೇ ಗೊಲ್ಗೊಥಾ ಬರೆದರು, ಯೇಸುವಿನ ಕೊನೆಯ ದಿನದ ಮೇಲೆ. ಇಷ್ಟೆಲ್ಲ ಇದ್ದೂ ಒಬ್ಬ ಸಾಮಾನ್ಯ ವಿಶ್ವಾಸಿ, ಅದರಲ್ಲೂ ಹೆಂಗಸು, ತನ್ನ ಅಡುಗೆಮನೆಯ ಪ್ರಾರ್ಥನೆಯನ್ನು ಕನ್ನಡದಲ್ಲಿ ಬರೆದ ಪುಸ್ತಕ ಹುಡುಕಿದರೆ ಬಹಳ ಕಡಿಮೆ. ಅದಕ್ಕೇ ನಾನು ಈ ನೋಟ್‌ಬುಕ್ಕುಗಳ ಬಗ್ಗೆ ಇಷ್ಟು ಹಟ ಮಾಡುತ್ತಿರುವುದು.

ಕುಡ್ಲದ ಹುಡುಗಿ

ಕೊಂಕಣಿ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಗೋವಾದಲ್ಲಿ ಥಾಮಸ್ ಸ್ಟೀಫನ್ಸ್ ಅನ್ನುವ ಇಂಗ್ಲಿಷ್ ಜೆಸ್ವಿಟ್ ಪಾದ್ರಿ ಓವಿ ಛಂದಸ್ಸಿನಲ್ಲಿ ಕ್ರಿಸ್ತಪುರಾಣ ಬರೆದರು. ಮರಾಠಿ, ಅದರಲ್ಲಿ ಕೊಂಕಣಿ ಬೆರೆತಿದೆ. ಮೊದಲು ಅಚ್ಚಾದದ್ದು 1616ರಲ್ಲಿ. 1907ರಲ್ಲಿ ಅದನ್ನು ಮತ್ತೆ ಅಚ್ಚು ಮಾಡಿದ್ದು ನಮ್ಮ ಮಂಗಳೂರಿನಲ್ಲಿ. ಕಪ್ಪುಕಾಲದಲ್ಲಿ ಮನೆಯಲ್ಲಿ ಅದನ್ನು ರಾಗವಾಗಿ ಓದುತ್ತಿದ್ದರು ಅಂತ ಹಿರಿಯರು ಹೇಳುತ್ತಿದ್ದರು.

ಧಾರವಾಡ ಸೊಸೆ

ಕಪ್ಪುಕಾಲ ಅಂದರೆ ಲೆಂಟಾ?

ಗಾಯಕರ ಬಳಗ

ಹೌದು, ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ಕಾಲ. ನಾವು ತಪಸ್ಸುಕಾಲ ಅಂತಲೂ ಹೇಳುತ್ತೇವೆ. ನೀವು ಪ್ರೊಟೆಸ್ಟಂಟರು ಸತ್ಯವೇದ ಅನ್ನುತ್ತೀರಿ, ನಾವು ಕಥೋಲಿಕರು ಪವಿತ್ರ ಬೈಬಲ್. ನೀವು ಕರ್ತನು, ಯೆಹೋವ. ನಾವು ಪ್ರಭು, ಸರ್ವೇಶ್ವರ. ಟೀಚರ್ ಪುಸ್ತಕ ನಮ್ಮವರೂ ಓದಬೇಕು ಅಂದರೆ ಈ ಪದಗಳ ಬಗ್ಗೆ ಏನು ಮಾಡುತ್ತೀರಿ?

ಸುವಾರ್ತೆ ಸೇವಕ

ಏನೂ ಮಾಡಬಾರದು. ಅವರು ಕರ್ತನೇ ಅಂತ ಕರೆದಿದ್ದರೆ ಕರ್ತನೇ. ಪ್ರಾರ್ಥನೆಯಲ್ಲಿ ಕರೆದ ಹೆಸರನ್ನು ಓದುಗರಿಗೆ ಅಂತ ಬದಲಾಯಿಸಬಾರದು.

ಗಾಯಕರ ಬಳಗ

ಒಪ್ಪಿದೆ. ನೀರಡಿಕೆ ಅನ್ನುವ ಪದವೂ ಹಾಗೇ ಇರಲಿ. ನಮ್ಮ ಬೆಂಗಳೂರು ಕಡೆ ಬಾಯಾರಿಕೆ ಅನ್ನುತ್ತೇವೆ. ಆದರೆ ಆ ಪುಟಕ್ಕೆ ನೀರಡಿಕೆಯೇ ಬೇಕು, ಅದರಲ್ಲಿ ನೀರು ಇದೆ.

ಬೆಟಗೇರಿ ಟೀಚರ್

ನಮ್ಮ ಸತ್ಯವೇದದಲ್ಲೂ ಅದೇ ಪದ ಇದೆ. ಯೋಹಾನ 19ರಲ್ಲಿ. ಸಣ್ಣವಳಿದ್ದಾಗ ಯೇಸುಸ್ವಾಮಿ ನಮ್ಮ ಕಡೆಯವನೇ ಅಂದುಕೊಂಡಿದ್ದೆ.

ಸಂಡೇ ಸ್ಕೂಲ್ ಅಕ್ಕ

ಪದದ ಮಾತು ಬಂತಲ್ಲ, ಪಂಡಿತಾ ರಮಾಬಾಯಿ ನೆನಪಾದರು. 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಸಂಸ್ಕೃತ ಪಂಡಿತರು, ಮಗಳಿಗೂ ಸಂಸ್ಕೃತ ಕಲಿಸಿದ್ದರು. ಅಂಥವರು ಬೈಬಲ್ಲನ್ನು ಮರಾಠಿಗೆ ತಂದಾಗ ಪಂಡಿತರ ಭಾಷೆ ಬಿಟ್ಟು, ಹಳ್ಳಿ ಹೆಂಗಸರಿಗೆ ತಿಳಿಯುವ ಮಾತಿನಲ್ಲಿ ಬರೆದರು. 1921ರಲ್ಲಿ ಮಗಳು ಮನೋರಮಾ ತೀರಿಹೋದಳು. ಮಾರನೇ ವರ್ಷ ತಾವೂ ಹೋದರು, ಅಷ್ಟರಲ್ಲಿ ಆ ಕೆಲಸ ಮುಗಿಸಿದ್ದರು. ಎದೆಯಲ್ಲಿ ಅಂಥ ದುಃಖ ಇಟ್ಟುಕೊಂಡು ಪ್ರೂಫ್ ನೋಡಿದ ಕೈ ಅದು.

ಪ್ರೂಫ್ ಅಣ್ಣ

ಪ್ರೂಫ್ ಅಂದಿರಲ್ಲ, ಅದಕ್ಕೇ ಬಂದೆ. ನಾನು ಬೆಂಗಳೂರಿನಲ್ಲಿ ಡಿಟಿಪಿ ಕೆಲಸ ಮಾಡುತ್ತೇನೆ. ಟೀಚರ್, ಕೆಲಸದ ಮಾತು ಹೇಳಿಬಿಡುತ್ತೇನೆ.

ಒಂಬತ್ತು ನೋಟ್‌ಬುಕ್ಕೂ ಒಟ್ಟಿಗೆ ಹಾಕಬೇಡಿ. 365 ದಿನದ ಪುಸ್ತಕ ಮಾಡಿದರೆ ದಪ್ಪ ಆಗುತ್ತದೆ, ದುಡ್ಡೂ ಜಾಸ್ತಿ, ವಯಸ್ಸಾದವರ ಕೈಗೆ ಭಾರ. ಲೆಂಟ್ ಕಾಲಕ್ಕೆ ಅಂತ 40 ದಿನ ಆರಿಸಿ. ಒಂದು ದಿನಕ್ಕೆ ಎರಡು ಪುಟ, 80 ಆಯಿತು. ಮುನ್ನುಡಿ, ಅರಿಕೆ ಎಲ್ಲ ಸೇರಿ 96. ಅಂದರೆ ಡೆಮ್ಮಿ ಅಷ್ಟ ಅಳತೆಯ ಪುಸ್ತಕಕ್ಕೆ 16 ಪುಟದ ಫಾರಂ (ಒಂದೇ ಹಾಳೆಯಲ್ಲಿ ಅಚ್ಚಾಗುವ ಪುಟಗಳು) ಸರಿಯಾಗಿ ಆರು. ಕಾಗದ ದಂಡ ಆಗುವುದಿಲ್ಲ. ಅಕ್ಷರ 14 ಪಾಯಿಂಟ್ ಇಡಿ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಓದುವವರಿಗೆ ಸಣ್ಣ ಅಕ್ಷರ ಆಗುವುದಿಲ್ಲ.

ಐಎಸ್‌ಬಿಎನ್‌ಗೆ (ಪುಸ್ತಕದ ಗುರುತಿನ ಸಂಖ್ಯೆ) ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ, ಲೇಖಕರೇ ಅರ್ಜಿ ಹಾಕಬಹುದು. ವಚನಗಳನ್ನು ಉದ್ದುದ್ದ ಎತ್ತಿ ಹಾಕುವುದಾದರೆ ಬೈಬಲ್ ಸೊಸೈಟಿಗೆ ಒಂದು ಪತ್ರ ಬರೆದು ಅನುಮತಿ ಕೇಳಿಕೊಳ್ಳಿ.

ಇನ್ನೊಂದು. ಹಿಂದೆ ಒಬ್ಬ ಹಿರಿಯರ ಪುಸ್ತಕ ನಾನೇ ಪುಟ ಕಟ್ಟಿದ್ದೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ತಿರುಗಿಸುವಾಗ ಅಚ್ಚಿನ ಮನೆಯಲ್ಲಿ ಒತ್ತಕ್ಷರ ಎಲ್ಲ ಹಾರಿಹೋಯಿತು. ಕ್ರಾವಡಿ ಹೋಗಿ ಕ್ರಿಸ್ತ ಇದ್ದದ್ದು ಕಿಸ್ತ ಆಯಿತು. ವಟ್ರಸುಳಿ ಹೋಗಿ ಕೃಪೆ ಕಪೆ ಆಯಿತು. ಕೊನೆಯ ಪ್ರೂಫ್ ನಮಗೆ ತೋರಿಸದೇ ಅಚ್ಚು ಹಾಕಿಬಿಟ್ಟಿದ್ದರು. ಆ ಹಿರಿಯರು ತಿಂಗಳುಗಟ್ಟಲೆ ಮನೆಯಲ್ಲಿ ಕೂತು ಒಂದೊಂದು ಪ್ರತಿಯನ್ನೂ ಕಪ್ಪು ಪೆನ್ನಿನಿಂದ ತಿದ್ದಿದರು. 500 ಪ್ರತಿ. ಅವರ ಕೈ ನಡುಗುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದೆ. ಹಾಗಾಗಿ ಕೊನೆಯ ಪ್ರೂಫ್ ಕಾಗದದ ಮೇಲೆ ತೆಗೆಸಿ, ಜೋರಾಗಿ ಓದಿ, ಆಮೇಲೆ ಸಹಿ ಹಾಕಿ.

ಕುಡ್ಲದ ಹುಡುಗಿ

500 ಪ್ರತಿ ಕೈಯಲ್ಲಿ ತಿದ್ದಿದರಾ! ಅದೂ ಒಂದು ಜಪವೇ.

ದುಬೈನಿಂದ

ಕಿಟ್ಟೆಲ್ ವಿಷಯ ತಿದ್ದಿದ್ದಕ್ಕೆ ಥ್ಯಾಂಕ್ಸ್. ಟೀಚರ್ ಪುಸ್ತಕ ಆದರೆ ಇಲ್ಲಿನ ನಮ್ಮ ಕನ್ನಡ ಕೂಟಕ್ಕೆ 25 ಪ್ರತಿ ನನ್ನ ಲೆಕ್ಕ.

ಗಾಯಕರ ಬಳಗ

ನಮ್ಮ ಕಡೆ ಬರೆಯುವವರಿಗೆ ಒಂದು ಸೂಚನೆ. ಕಥೋಲಿಕರಾದರೆ ಪ್ರಾರ್ಥನಾ ಪುಸ್ತಕಕ್ಕೆ ಧರ್ಮಾಧ್ಯಕ್ಷರ ಅನುಮತಿ ಬೇಕು, ಧರ್ಮಸಭೆಯ ಕಾನೂನಿನ 826ನೇ ವಿಧಿ. ಇಂಥ ಸ್ವಂತ ಚಿಂತನೆಗೆ ಅಷ್ಟು ಕಟ್ಟುನಿಟ್ಟಿಲ್ಲ. ಆದರೂ ತೋರಿಸಿ ಮಾಡುವುದು ಒಳ್ಳೆಯದು.

ಮೈಸೂರಿನ ಓದುಗ

ಟೀಚರ್, ನನ್ನ ಬಾಗಿಲಿನ ಪ್ರಶ್ನೆಗೆ ಇನ್ನೊಂದು ಮುಖ ಇದೆ, ಅದನ್ನು ಯಾರೂ ಕೇಳಲಿಲ್ಲ. ಕೋಣೆಯಲ್ಲಿ ನೀವೊಬ್ಬರೇ ಇರಲಿಲ್ಲ. ನಿಮ್ಮ ಯಜಮಾನರೂ ಇದ್ದರು. ಅವರು ನೀರು ಕೇಳಿದ್ದು, ಅವರ ಕಾಯಿಲೆ, ಅವರ ನೋವು ಎಲ್ಲ ಪುಸ್ತಕಕ್ಕೆ ಬರುತ್ತದೆ. ಅವರನ್ನು ಈಗ ಕೇಳುವಂತಿಲ್ಲ. ಮನೆಯವರು ಏನನ್ನುತ್ತಾರೆ?

ಬೆಟಗೇರಿ ಟೀಚರ್

ನನಗೆ ನಿದ್ದೆ ಕೆಡಿಸಿರುವುದು ಇದೇ ಪ್ರಶ್ನೆ ಅಣ್ಣಾವ್ರೇ. ಮಗನಿಗೆ ಇಷ್ಟ ಇಲ್ಲ. ಅಪ್ಪನನ್ನು ಜನ ರೋಗಿಯಾಗಿ ನೆನಪಿಡಬಾರದು ಅನ್ನುತ್ತಾನೆ. ಅವರು ಸಭೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು. ಅವನಿಗೆ ಆ ಅಪ್ಪ ಬೇಕು.

ಧಾರವಾಡ ಸೊಸೆ

ಹಾರ್ಮೋನಿಯಂ ಬಗ್ಗೆ ನೋಟ್‌ಬುಕ್ಕಿನಲ್ಲಿ ಏನೂ ಇಲ್ಲವಾ?

ಬೆಟಗೇರಿ ಟೀಚರ್

ಇದೆ. ಕೊನೆಯ ಕ್ರಿಸ್ಮಸ್ಸಿಗೆ ಬೆರಳು ಬಾತಿದ್ದವು. ಒಂದು ಕೈಯಲ್ಲಿ ಸ್ವರ ಹಿಡಿದರು, ತಿದಿ ನಾನು ಒತ್ತಿದೆ.

ಸುವಾರ್ತೆ ಸೇವಕ

ಅಮ್ಮ, ಆ ಪುಟ ಮಗನಿಗೆ ಓದಿ ಹೇಳಿ. ಮಗ ಬೇಡ ಅಂದ ಪುಟ ಎಷ್ಟೇ ಚೆನ್ನಾಗಿದ್ದರೂ ಬಿಡಿ. ಅದು ಓದುಗರ ವಿಶ್ವಾಸಕ್ಕಾಗಿ ಅಲ್ಲ, ಮನೆಯ ಸಮಾಧಾನಕ್ಕಾಗಿ.

ಹಳೇ ಪುಸ್ತಕ

ಇದರಲ್ಲಿ ನಾನು ಸೇವಕರ ಪಕ್ಷ.

ಬೆಟಗೇರಿ ಟೀಚರ್

ನಾಲ್ಕು ದಿನ ಬಿಟ್ಟು ಬರೆಯುತ್ತಿದ್ದೇನೆ. ಮಗ ಶನಿವಾರ ಬಂದಿದ್ದ. ಹಾರ್ಮೋನಿಯಂ ಪುಟ ಓದಿದೆ. ಎದ್ದು ಹೊರಗೆ ಹೋದ. ಅರ್ಧ ತಾಸು ಬಿಟ್ಟು ಬಂದು ಇನ್ನೊಂದು ಓದು ಅಂದ. ರಾತ್ರಿ ಹನ್ನೊಂದರ ತನಕ ಮೂರು ನೋಟ್‌ಬುಕ್ ಮುಗಿದವು. ನೀರಿನ ಪುಟ ಇರಲಿ ಅಂದ. ಬಿಲ್ಲಿನ ಪುಟ ಬೇಡ ಅಂದ, ಬಿಟ್ಟೆ. ಇನ್ನೂ ಏಳೆಂಟು ಪುಟ ಬಿಟ್ಟಿದ್ದೇನೆ. ಉಳಿದಿದ್ದನ್ನು ತಾನೇ ಟೈಪ್ ಮಾಡಿಕೊಡುತ್ತೇನೆ ಅಂದಿದ್ದಾನೆ. ಆ ಪ್ರಕಾಶನಕ್ಕೆ ಬೇಡ ಅಂತ ಕಾಗದ ಬರೆದೆ. ನಾವೇ ಅಚ್ಚು ಹಾಕಿಸುತ್ತೇವೆ.

ಪ್ರೂಫ್ ಅಣ್ಣಾವ್ರೇ, ಒಂದು ಕೇಳುವುದಿತ್ತು. ನೋಟ್‌ಬುಕ್ಕಿನಲ್ಲಿ ತಾರೀಖು ಇದೆ. ಪುಸ್ತಕದಲ್ಲಿ ತಾರೀಖು ಹಾಕಬೇಕಾ, ವಾರ ಸಾಕಾ?

ಪ್ರೂಫ್ ಅಣ್ಣ

ವಾರ ಸಾಕು ಟೀಚರ್. ಜೊತೆಗೆ ಹೊತ್ತು ಹಾಕೋಣ. ಮಂಗಳವಾರ, ಬೆಳಿಗ್ಗೆ 4:20. ಅದರ ಕೆಳಗೆ ವಚನ. ಮಗನಿಗೆ ಯೂನಿಕೋಡ್‌ನಲ್ಲೇ ಟೈಪ್ ಮಾಡಲು ಹೇಳಿ. ಮೊದಲ ಹತ್ತು ಪುಟ ಆದ ಕೂಡಲೇ ಕಳಿಸಲಿ, ಕೃಪೆ ಅನ್ನುವ ಪದ ಎಲ್ಲೆಲ್ಲಿ ಇದೆಯೋ ಅದನ್ನು ನಾನೇ ಕೂತು ನೋಡುತ್ತೇನೆ.